ಸಾವಿಲ್ಲದ ಖಡ್ಗವೀರನೂ ಅವನ ಉಪಕಥೆಗಳೂ

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2006ರಿಂದ 2010ರವರೆಗೆ ಬಂದ ‘ಹೀರೋಸ್’ ಧಾರಾವಾಹಿಯಲ್ಲಿ ತಕೆಜೊ ಕೆನ್ಸೆ ಎಂಬ ಪಾತ್ರವಿದೆ. ಈ ಖಡ್ಗವೀರನ ಕಥೆಗಳನ್ನು ಕೇಳುತ್ತಲೇ ಬೆಳೆದ ಹಿರೊ ನಕಮುರ ಎಂಬ ಜಪಾನಿ ಯುವಕ ಕಾಲ ದಾಟಿ 1671ಕ್ಕೆ ಹೋಗುತ್ತಾನೆ. ಅಲ್ಲಿ ಸಿಗುವವನು ಒಬ್ಬ ಕುಡುಕ, ದುಡ್ಡಿಗಾಗಿ ಕತ್ತಿ ಹಿಡಿದ ಇಂಗ್ಲೆಂಡಿನವ. ಅವನ ಗಾಯಗಳು ತಾವಾಗಿಯೇ ಮಾಯುತ್ತವೆ, ಮುಪ್ಪು ಹತ್ತಿರ ಸುಳಿಯುವುದಿಲ್ಲ. ಹಿರೊನ ಮೇಲಿನ ಹಗೆ ಹೊತ್ತು, ಆಡಮ್ ಮನ್ರೊ ಎಂಬ ಹೆಸರಿನಲ್ಲಿ ಅವನು ಮುನ್ನೂರು ವರ್ಷ ದಾಟಿ ನಮ್ಮ ಕಾಲಕ್ಕೂ ಬಂದುಬಿಡುತ್ತಾನೆ.

ನಡುವಿನ ಆ ಮುನ್ನೂರು ವರ್ಷ ಅವನು ಏನು ಮಾಡಿದ? ಟಿವಿಯಲ್ಲಿ ಇದಕ್ಕೆ ಸಿಕ್ಕ ಜಾಗ ಕಡಿಮೆ. 2007ರ ಕೊನೆಗೆ ಹಾಲಿವುಡ್ಡಿನ ಬರಹಗಾರರು ಮುಷ್ಕರ ಹೂಡಿದ್ದರಿಂದ ಎರಡನೇ ಸೀಸನ್ 11 ಕಂತಿಗೇ ನಿಂತಿತು. ಇತ್ತ ಧಾರಾವಾಹಿಯ ಜೊತೆಜೊತೆಗೆ ವಾಹಿನಿಯೇ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಚಿತ್ರಕಥೆಗಳನ್ನು ಹೊರತರುತ್ತಿತ್ತು. ಕೆನ್ಸೆಯ ಹತ್ತು ಮದುವೆಗಳ ಕಥೆ ಅಲ್ಲೇ ಬಂದದ್ದು.

ಇಂಥ ಉಪಕಥೆಗಳ ಪರವಾಗಿ ಹೇಳಲು ಬಹಳಷ್ಟಿದೆ. ಸಾಯದವನ ಬಾಳು ಮುಕ್ಕಾಲು ಗಂಟೆಯ ಕಂತುಗಳಿಗೆ ಹಿಡಿಸುವಂಥದಲ್ಲ. ಯುದ್ಧ, ಸಮುದ್ರ, ಪುರಾತನ ನಗರಗಳನ್ನು ಸೆಟ್ ಹಾಕಿ ತೋರಿಸಲು ಕೋಟಿಗಟ್ಟಲೆ ಬೇಕು. ಚಿತ್ರಕಾರನಿಗೆ ಕಾಗದ, ಶಾಯಿ ಸಾಕು. ಕಟ್ಟಿಕೊಂಡ ಹೆಂಡಂದಿರೆಲ್ಲ ಮುದುಕಿಯರಾಗಿ ಕಣ್ಣೆದುರೇ ಸಾಯುವುದನ್ನು ನೋಡಬೇಕಾದವನ ಒಂಟಿತನ ಗೊತ್ತಾದರೆ ಖಳನಾಯಕನೂ ಮನುಷ್ಯನಾಗಿ ಕಾಣುತ್ತಾನೆ.

ವಿರೋಧದ ಮಾತೂ ಅಷ್ಟೇ ಗಟ್ಟಿ. ಪಾತ್ರದ ತಿರುಳು ಬೇರೆಲ್ಲೋ ಇದ್ದರೆ ಬರೀ ಟಿವಿ ನೋಡುವವನಿಗೆ ಅರೆಬರೆ ಕಥೆಯೇ ಗತಿ. ಮೂರನೇ ಸೀಸನ್ನಿನಲ್ಲಿ ಆರ್ಥರ್ ಪೆಟ್ರೆಲಿ ಎಂಬ ಇನ್ನೊಬ್ಬ ಕೈಹಿಡಿದು ಶಕ್ತಿ ಹೀರಿದ ಕೂಡಲೇ ಆಡಮ್ ಬೂದಿಯಾಗಿ ಉದುರಿಹೋಗುತ್ತಾನೆ. ಶತಮಾನಗಳ ಬಾಳಿಗೆ ಚಿಟಿಕೆ ಹೊಡೆಯುವಷ್ಟರಲ್ಲಿ ಕೊನೆ. ಆ ಸಾವಿನ ತೂಕವನ್ನು ಪರದೆಯ ಮೇಲೆಯೇ ಕಾಣಿಸಬೇಕಿತ್ತು. ಅದನ್ನು ಯಾವ ಚಿತ್ರಕಥೆಯೂ ಆಮೇಲೆ ತುಂಬಿಕೊಡಲಾರದು.

ಸಾಯದವನ ಕಥೆ ನಮಗೂ ಹೊಸದಲ್ಲ. ಗುಂಡುಮಾಲ್, ಮಕ್ತಲ್‌ನಿಂದ ಕೃಷ್ಣೆ ದಾಟಿ ಗದ್ವಾಲ, ರಾಯಚೂರಿನವರೆಗಿನ ನಮ್ಮ ಸೀಮೆಯಲ್ಲಿ ತೆಲುಗೂ ಕನ್ನಡವೂ ಬೆರೆತಿವೆ. ಇಲ್ಲಿ ಸಾವಿಲ್ಲದ ವೀರ ಎಂದರೆ ಅಶ್ವತ್ಥಾಮ. ಸೌಪ್ತಿಕ ಪರ್ವದ ಆ ರಾತ್ರಿ ಶಿವನಿಂದಲೇ ಖಡ್ಗ ಪಡೆದು, ಮಲಗಿದ್ದವರನ್ನು ಕೊಂದು, ಕೊನೆಗೆ ತಲೆಯ ಮಣಿ ಕಳೆದುಕೊಂಡು, ಮೂರು ಸಾವಿರ ವರ್ಷ ಅಲೆಯುವ ಶಾಪ ಹೊತ್ತವನು. ಅವನ ಆ ಅಲೆದಾಟವನ್ನು ವ್ಯಾಸ ಬಿಡಿಸಿ ಹೇಳುವುದಿಲ್ಲ. ಕುಮಾರವ್ಯಾಸನಂತೂ ಹತ್ತೇ ಪರ್ವಕ್ಕೆ ನಿಂತ. ಉಳಿದವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಆದರೂ ಕುಮಾರವ್ಯಾಸನ ಗದುಗಿನ ಭಾರತ ಓದುವವರಿಗೆ ಏನೋ ಕೊರತೆಯಾಯಿತು ಅನ್ನಿಸುವುದಿಲ್ಲ. ಬಯಲಾಟದ ಪ್ರಸಂಗವೂ ಹಾಗೆಯೇ. ಇಡೀ ಭಾರತ ಓದದವನೂ ರಾತ್ರಿಯೆಲ್ಲ ಕೂತು ನೋಡಬಹುದು, ಬೆಳಗಿಗೆ ಆ ಕಥೆ ಪೂರ್ತಿಯಾಗಿರುತ್ತದೆ.

ಚಿತ್ರಕಥೆಯಲ್ಲೂ ನಮಗೆ ಈ ಅನುಭವವಿದೆ. ಅಮರ ಚಿತ್ರಕಥೆಯ ಮಹಾಭಾರತ ಮಾಲಿಕೆ 1985ರಲ್ಲೇ ಶುರುವಾಯಿತು, ಬಿ.ಆರ್. ಚೋಪ್ರಾ ಅವರ ಧಾರಾವಾಹಿ ದೂರದರ್ಶನಕ್ಕೆ ಬಂದದ್ದು 1988ರ ಅಕ್ಟೋಬರಿನಲ್ಲಿ. ಒಂದನ್ನು ತಿಳಿಯಲು ಇನ್ನೊಂದರ ಹಂಗಿರಲಿಲ್ಲ, ಎರಡನ್ನೂ ನೋಡಿದವರಿಗೆ ಸಂತೋಷ ಹೆಚ್ಚುತ್ತಿತ್ತು.

ಹಾಗಾಗಿ ಉಪಕಥೆಗಳು ಬೇಕು ಎನ್ನುವವರ ಕಡೆಗೇ ನನ್ನ ಒಲವು, ಆದರೆ ಒಂದು ಷರತ್ತಿನ ಮೇಲೆ. ಕೆನ್ಸೆಯ ಹತ್ತು ಮದುವೆಗಳಂಥದ್ದು ಎಷ್ಟು ಬೇಕಾದರೂ ಬರಲಿ, ಅದು ಹಬ್ಬದೂಟದ ಮೇಲಿನ ಹೋಳಿಗೆ. ಅವನಿಗೆ ಹಿರೊನ ಮೇಲೆ ಹಗೆ ಏಕೆ ಹುಟ್ಟಿತು, ಅದು ಏಕೆ ಆರಲಿಲ್ಲ ಎಂಬುದನ್ನು ಮಾತ್ರ ಮೂಲ ಕಥೆಯೇ ಹೇಳಬೇಕು. ‘ಹೀರೋಸ್’ ಮೊದಲನೆಯದನ್ನು ಚೆನ್ನಾಗಿ ಹೇಳಿತು, ಎರಡನೆಯದನ್ನು ಅರ್ಧಕ್ಕೆ ಬಿಟ್ಟಿತು.