ಒಂದೇ ಸೀಟು ಎರಡು ಸಲ ಮಾರಾಟವಾದರೆ ದುಡ್ಡು ಯಾರದ್ದು?

ದಸರಾ ರಜೆಗೆ ಮುಂಚೆ, ದೀಪಾವಳಿಗೆ ಮುಂಚೆ, ಇಂಟರ್ನಲ್ಸ್ ಮುಗಿದ ವಾರ, ಈ ಮೂರು ಹೊತ್ತಲ್ಲೂ ಮೈಸೂರಿನ ಯಾವುದೇ ಹಾಸ್ಟೆಲ್‌ನ ವಾಟ್ಸಾಪ್ ಗ್ರೂಪಿನಲ್ಲಿ ಎರಡು ಥರದ ಮೆಸೇಜ್ ಇದ್ದೇ ಇರುತ್ತೆ. ಒಂದು: "ಹಂಪಿ ಎಕ್ಸ್‌ಪ್ರೆಸ್, ಸ್ಲೀಪರ್, ಶುಕ್ರವಾರ, ಒಂದು ಟಿಕೆಟ್ ಇದೆ, ಯಾರಿಗಾದ್ರೂ ಬೇಕಾ?" ಇನ್ನೊಂದು: "ಗುರು, ನಂದು ವೇಟಿಂಗ್ ಲಿಸ್ಟ್ 43, ಕನ್‌ಫರ್ಮ್ ಆಗುತ್ತಾ?" ಒಬ್ಬನ ಹತ್ರ ಸೀಟಿದೆ, ಆದರೆ ಲ್ಯಾಬ್ ಎಕ್ಸಾಮ್ ಮುಂದಕ್ಕೆ ಹೋಗಿದ್ದರಿಂದ ಅವನು ಊರಿಗೆ ಹೋಗ್ತಿಲ್ಲ. ಇನ್ನೊಬ್ಬ ಹೊಸಪೇಟೆಗೆ ಹೋಗಲೇಬೇಕು, ಅವನಿಗೆ ಸೀಟಿಲ್ಲ. ಇಬ್ಬರೂ ಒಂದೇ ಫ್ಲೋರಿನಲ್ಲಿದ್ದರೂ ಇವನ ಟಿಕೆಟ್ ಅವನಿಗೆ ಕೊಡುವ ಹಾಗಿಲ್ಲ.

ಯಾಕೆ ಅಂದರೆ, 1989ರ ರೈಲ್ವೆ ಕಾಯ್ದೆಯ ಸೆಕ್ಷನ್ 142ರ ಪ್ರಕಾರ ರಿಸರ್ವ್ ಆದ ಟಿಕೆಟನ್ನು ಬೇರೆಯವರಿಗೆ ಕೊಡೋದು, ಮಾರೋದು ಶಿಕ್ಷೆ ಆಗೋ ಅಪರಾಧ. ಈ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಟಿಕೆಟ್ ಮೇಲೆ ಹೆಸರು ಇಲ್ಲದೇ ಹೋದರೆ ದಲ್ಲಾಳಿಗಳು ನೂರಾರು ಟಿಕೆಟ್ ಹಿಡಿದಿಟ್ಟುಕೊಂಡು ಹಬ್ಬದ ಹಿಂದಿನ ದಿನ ಡಬಲ್ ರೇಟಿಗೆ ಮಾರ್ತಾರೆ. ನನ್ನ ತಕರಾರು ಇರೋದು ಕ್ಯಾನ್ಸಲೇಶನ್ ಕಡಿತದ ಬಗ್ಗೆ.

2015ರ ನವೆಂಬರ್‌ನಲ್ಲಿ ಜಾರಿಗೆ ಬಂದ ರೀಫಂಡ್ ನಿಯಮದ ಲೆಕ್ಕ ನೋಡಿ. ಸ್ಲೀಪರ್ ಟಿಕೆಟ್ 600 ರೂಪಾಯಿ ಅಂದ್ಕೊಳ್ಳೋಣ. ರೈಲು ಹೊರಡೋಕೆ 48 ಗಂಟೆಗಿಂತ ಮೊದಲು ಕ್ಯಾನ್ಸಲ್ ಮಾಡಿದರೆ 120 ರೂಪಾಯಿ ಕಟ್. 48ರಿಂದ 12 ಗಂಟೆ ಒಳಗೆ ಆದರೆ 25%, ಅಂದರೆ 150. 12ರಿಂದ 4 ಗಂಟೆ ಒಳಗೆ ಆದರೆ ಅರ್ಧ, 300. ಅದಾದ ಮೇಲೆ ಸೊನ್ನೆ. ಗಂಟೆಗಳ ಲೆಕ್ಕ ಬದಲಾಗಬಹುದು, ತತ್ವ ಮಾತ್ರ ಒಂದೇ: ದಿನ ಹತ್ತಿರ ಬಂದಷ್ಟೂ ಕಡಿತ ಜಾಸ್ತಿ.

ಈಗ ಹಿಂದಿನ ದಿನ ನಾನು ಕ್ಯಾನ್ಸಲ್ ಮಾಡಿದೆ ಅಂತಿಟ್ಟುಕೊಳ್ಳಿ. ವೇಟಿಂಗ್ ಲಿಸ್ಟ್‌ನಲ್ಲಿ ಜನ ಇದ್ದಾರೆ. ನನ್ನ ಬರ್ತ್ ಕ್ಯೂನಲ್ಲಿ ಮುಂದೆ ಇರುವವರಿಗೆ ಹೋಗುತ್ತೆ, ಅವರ 600 ರೈಲ್ವೆಗೆ ಸೇರುತ್ತೆ. ನನ್ನ 150 ಕೂಡ ಅಲ್ಲೇ ಉಳಿಯುತ್ತೆ. ಒಂದು ಬರ್ತ್‌ನಿಂದ 750! ನಾನು ಕ್ಯಾನ್ಸಲ್ ಮಾಡದೇ ಇದ್ದಿದ್ದರೆ 600 ಮಾತ್ರ ಬರ್ತಿತ್ತು. ಅಂದರೆ ನನ್ನ ಕ್ಯಾನ್ಸಲೇಶನ್‌ನಿಂದ ರೈಲ್ವೆಗೆ ನಷ್ಟ ಆಗಿಲ್ಲ, ಲಾಭ ಆಗಿದೆ. ಆದರೂ ನಷ್ಟ ಮಾಡಿದವನ ಥರ ದಂಡ ಕಟ್ಟೋನು ನಾನು. ಅದೇ ಯಾರೂ ಕಾಯ್ತಿಲ್ಲ, ಬರ್ತ್ ಖಾಲಿ ಹೋಯಿತು ಅಂದರೆ ವಿಷಯ ಬೇರೆ. ಆಗ ನಿಜಕ್ಕೂ ನಷ್ಟ ಇದೆ, ಕಡಿತ ನ್ಯಾಯವೇ. ಈ ಎರಡು ಸಂದರ್ಭಕ್ಕೂ ಒಂದೇ ದಂಡ ಹಾಕೋದು ತಪ್ಪು ಅನ್ನೋದು ನನ್ನ ವಾದ.

ರೈಲಿಗಿಂತ ಜಾಸ್ತಿ ಕಟ್ಟುನಿಟ್ಟು ಪ್ರವಾಸಿ ಹಡಗುಗಳದ್ದು. ಪಣಂಬೂರಿನ ನವಮಂಗಳೂರು ಬಂದರಿಗೆ ಬಂದು ಹೋಗುತ್ತವಲ್ಲ, ಅಂಥ ಕ್ರೂಸ್ ಹಡಗುಗಳನ್ನು ನಡೆಸೋ ಬಹಳಷ್ಟು ಕಂಪನಿಗಳು ಕೊನೇ ವಾರಗಳಲ್ಲಿ ಕ್ಯಾನ್ಸಲ್ ಮಾಡಿದರೆ ಪೂರ್ತಿ ದುಡ್ಡು ಇಟ್ಟುಕೊಳ್ಳುತ್ತವೆ. ಕ್ಯಾಬಿನ್ನನ್ನು ನೀವೇ ಬೇರೆಯವರಿಗೆ ಮಾರೋಕೂ ಬಿಡಲ್ಲ. ಆದರೆ ಅದೇ ಕ್ಯಾಬಿನ್ನನ್ನು ಕಂಪನಿ ಮತ್ತೆ ಮಾರಬಹುದು. ನಮ್ಮ ದೇವರಾಜ ಮಾರ್ಕೆಟ್‌ನಲ್ಲಿ ಸಂಜೆ ಮೇಲೆ ಮಲ್ಲಿಗೆ ರೇಟು ಇಳಿಯುತ್ತೆ, ಯಾಕಂದರೆ ನಾಳೆಗೆ ಆ ಹೂವಿಗೆ ಬೆಲೆ ಇಲ್ಲ. ಸೀಟು, ಕ್ಯಾಬಿನ್ ಎರಡೂ ಹೂವಿನ ಥರಾನೇ, ಹೊರಟ ಮೇಲೆ ಬೆಲೆ ಸೊನ್ನೆ. ಹಾಗಾಗಿ ನಷ್ಟದ ಭಯ ಮಾರೋನಿಗೆ ಇರೋದು ಸಹಜ, ಒಪ್ತೀನಿ. ಆದರೆ ಒಂದೇ ಮೊಳ ಹೂವಿಗೆ ಇಬ್ಬರ ಹತ್ರ ದುಡ್ಡು ತಗೊಂಡರೆ ಅಲ್ಲಿ ಯಾರೂ ಸುಮ್ಮನಿರಲ್ಲ.

ಇದು ಬರೀ ನನ್ನ ಗೊಣಗಾಟ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಒಪ್ಪಂದ' ಅಂದರೆ ಏನು ಅಂತ ವಿವರಿಸುವಾಗ, ಆದ ನಷ್ಟಕ್ಕೆ ಸಂಬಂಧವೇ ಇಲ್ಲದಷ್ಟು ದೊಡ್ಡ ದಂಡ ಹಾಕೋದನ್ನೂ ಆ ಪಟ್ಟಿಯಲ್ಲಿ ಸೇರಿಸಿದೆ. ದಂಡ ನಷ್ಟಕ್ಕೆ ತಕ್ಕಂತೆ ಇರಬೇಕು ಅನ್ನೋ ಮಾತು ಹೊಸದೇನಲ್ಲ.

"ಕಡಿತ ಕಡಿಮೆ ಮಾಡಿದರೆ ಎಲ್ಲರೂ ಸುಮ್ಸುಮ್ನೆ ಬುಕ್ ಮಾಡಿ ಆಮೇಲೆ ಬಿಡ್ತಾರೆ" ಅಂತ ಕೆಲವರು ಹೇಳಬಹುದು. ಇದು ಸರಿಯಾದ ಪ್ರಶ್ನೆ. 2024ರಲ್ಲಿ ಮುಂಗಡ ಬುಕಿಂಗ್ ಅವಧಿಯನ್ನು 120 ದಿನದಿಂದ 60ಕ್ಕೆ ಇಳಿಸಿದಾಗ ರೈಲ್ವೆ ಕೊಟ್ಟ ಕಾರಣ ಏನು ಗೊತ್ತಾ? 60 ದಿನಕ್ಕಿಂತ ಮೊದಲೇ ಮಾಡಿದ ಬುಕಿಂಗ್‌ಗಳಲ್ಲಿ ಸುಮಾರು 21% ಕ್ಯಾನ್ಸಲ್ ಆಗ್ತಿದ್ದವು, ಇನ್ನೊಂದು 5% ಜನ ಕ್ಯಾನ್ಸಲ್ ಕೂಡ ಮಾಡದೆ ಬರದೇ ಇರ್ತಿದ್ದರು. ನನಗೆ ಆ 5% ಮುಖ್ಯ ಅನ್ಸುತ್ತೆ. ವಾಪಸ್ ಏನೂ ಸಿಗಲ್ಲ ಅಂದಮೇಲೆ ಕೊನೇ ಗಂಟೆಗಳಲ್ಲಿ ಆ್ಯಪ್ ತೆಗೆದು ಕ್ಯಾನ್ಸಲ್ ಒತ್ತೋಕೆ ಯಾರಿಗೆ ಮನಸ್ಸಾಗುತ್ತೆ? ಚಾರ್ಟ್‌ನಲ್ಲಿ ಆ ಬರ್ತ್ ತುಂಬಿದೆ ಅಂತಾನೇ ಇರುತ್ತೆ. ಟಿಟಿಇ ಬಂದು ನೋಡಿ ಕೊಡೋವರೆಗೂ ಆರ್‌ಎಸಿ ಸಿಕ್ಕ ಇಬ್ಬರು ಒಂದೇ ಸೈಡ್ ಬರ್ತ್‌ನಲ್ಲಿ ಕಾಲು ಮಡಚಿಕೊಂಡು ಕೂತಿರ್ತಾರೆ. ವೇಟಿಂಗ್ ಲಿಸ್ಟ್ ಹುಡುಗ ಅಷ್ಟೊತ್ತಿಗೆ ಜನರಲ್ ಬೋಗಿಯ ಬಾಗಿಲಲ್ಲಿ ನಿಂತು ಮಂಡ್ಯ ದಾಟಿರ್ತಾನೆ. ಅತಿಯಾದ ಕಡಿತದಿಂದ ತೊಂದರೆ ಆಗೋದು ಟಿಕೆಟ್ ಬಿಟ್ಟವನಿಗೆ ಮಾತ್ರ ಅಲ್ಲ, ಇವರಿಗೂ.

ಹಾಗಾದರೆ ಏನು ಮಾಡಬಹುದು? ಮೂರು ವಿಷಯ ಹೇಳ್ತೀನಿ.

ಮೊದಲನೆಯದು, ಕಡಿತವನ್ನು ಕ್ಯಾನ್ಸಲ್ ಮಾಡಿದ ತಕ್ಷಣ ಮುರಿಯೋ ಬದಲು ಚಾರ್ಟ್ ಆದ ಮೇಲೆ ಲೆಕ್ಕ ಹಾಕಲಿ. ಬರ್ತ್ ಬೇರೆಯವರಿಗೆ ಹೋಗಿದ್ದರೆ ಒಂದು ಸಣ್ಣ ಶುಲ್ಕ ಮಾತ್ರ, ಹೋಗದಿದ್ದರೆ ಈಗಿನ ಕಡಿತ. ಸುಮ್ಮನೆ ಬುಕ್ ಮಾಡೋರನ್ನು ತಡೆಯೋಕೆ ಆ ಸಣ್ಣ ಶುಲ್ಕ ಸಾಕು. ಎರಡನೇ ವರ್ಷದ ಡೇಟಾ ಸ್ಟ್ರಕ್ಚರ್ಸ್ ಓದಿದೋರಿಗೆಲ್ಲ ಗೊತ್ತು, ವೇಟಿಂಗ್ ಲಿಸ್ಟ್ ಅಂದರೆ ಒಂದು ಕ್ಯೂ. ಯಾವ ಬರ್ತ್ ಯಾರಿಗೆ ಹೋಯಿತು ಅನ್ನೋದು ಕಂಪ್ಯೂಟರ್‌ಗೆ ಗೊತ್ತೇ ಇದೆ. ಬೇಕಿರೋದು ಇನ್ನೊಂದು ಕಂಡಿಶನ್ ಅಷ್ಟೇ.

ಎರಡನೆಯದು, ಕೊನೇ ಗಂಟೆಗಳಲ್ಲಿ ಬಿಟ್ಟುಕೊಟ್ಟವರಿಗೂ, ಬರ್ತ್ ಮತ್ತೆ ಮಾರಾಟ ಆದರೆ ಸ್ವಲ್ಪವಾದರೂ ವಾಪಸ್ ಕೊಡಲಿ.

ಮೂರನೆಯದು ಈಗಾಗಲೇ ನಿಯಮದಲ್ಲಿದೆ, ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಟಿಕೆಟನ್ನು ಅಪ್ಪ, ಅಮ್ಮ, ಅಣ್ಣ, ತಂಗಿ ಹೀಗೆ ಮನೆಯವರ ಹೆಸರಿಗೆ ಬದಲಾಯಿಸಬಹುದು, 24 ಗಂಟೆ ಮೊದಲು ಅರ್ಜಿ ಕೊಡಬೇಕು. ಮಾನ್ಯತೆ ಪಡೆದ ಕಾಲೇಜಿನ ವಿದ್ಯಾರ್ಥಿಗಳಾದರೆ, ಪ್ರಿನ್ಸಿಪಾಲರು 48 ಗಂಟೆ ಮೊದಲು ಪತ್ರ ಕೊಟ್ಟರೆ ಅದೇ ಕಾಲೇಜಿನ ಇನ್ನೊಬ್ಬ ವಿದ್ಯಾರ್ಥಿಯ ಹೆಸರಿಗೂ ಬದಲಾಯಿಸಬಹುದು. ಆದರೆ ಒಂದೇ ಸಲ, ಗುಂಪಿನ 10% ಮೀರುವ ಹಾಗಿಲ್ಲ. ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋಗುವಾಗ ಇದು ನೆನಪಿರಲಿ. ಒಂದೇ ಕಾಲೇಜು, ಅದೇ ಬೆಲೆ, ಗುರುತು ಪಕ್ಕಾ ಅನ್ನೋ ಈ ದಾರಿಯನ್ನು ಆನ್‌ಲೈನ್‌ಗೆ ತಂದು ಒಬ್ಬೊಬ್ಬರಿಗೂ ಕೊಟ್ಟರೆ ದಲ್ಲಾಳಿಗೆ ಅಲ್ಲಿ ಕೆಲಸವೇ ಇರಲ್ಲ.

ಬರೋಕಾಗಲ್ಲ ಅಂತ ಮೊದಲೇ ಹೇಳಿ ಸೀಟು ಬಿಟ್ಟುಕೊಡೋದು ಒಳ್ಳೇ ಕೆಲಸ. ನಿಯಮ ಆ ಕೆಲಸವನ್ನು ಸುಲಭ ಮಾಡಬೇಕು. ಈಗ ಅದು ಹೇಳ್ತಿರೋದು, "ಸುಮ್ಮನಿರು, ಹೇಗೂ ಏನೂ ಸಿಗಲ್ಲ" ಅಂತ.