ಅಡುಗೆಮನೆಯ ಪ್ರತಿಭೆ

ಹೊಸಹೊಸದನ್ನು ಕಾಣಬಲ್ಲ ಬುದ್ಧಿಗೆ ಆಲಂಕಾರಿಕರು ಪ್ರತಿಭೆಯೆಂದು ಹೆಸರಿಟ್ಟರು. ಅದು ಕವಿಗಳಿಗೆ ಮಾತ್ರ ಮೀಸಲಾದ ಸೊತ್ತೆಂದು ಭಾವಿಸುವುದು ವಾಡಿಕೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳ್ಳಿಯ ಅಡುಗೆಮನೆಗಳನ್ನು ಕಂಡವರಿಗೆ ಈ ಭಾವನೆ ಸಾಧುವೆಂದು ತೋರದು.

ಪಿನಾಕಿನಿಯು ನಂದಿಯ ಸೀಮೆಯಲ್ಲಿ ಹುಟ್ಟಿದರೂ ವರ್ಷವಿಡೀ ತುಂಬಿ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಮಳೆಯನ್ನೂ ಕೆರೆಯನ್ನೂ ನಂಬಿ ರಾಗಿ, ಅವರೆಗಳನ್ನು ಬೆಳೆದ ನಾಡಿದು. ಇರುವುದು ಅಲ್ಪವಾದಾಗ ನೋಡುವ ಕಣ್ಣು ಸೂಕ್ಷ್ಮವಾಗುತ್ತದೆ. ಮರದ ಕವಲುಕೊಂಬೆ ಇತರರಿಗೆ ಬರಿಯ ಸೌದೆ. ಇಲ್ಲಿಯ ಗೃಹಿಣಿಗೆ ಅದು ಮುದ್ದೆ ತೊಳಸುವಾಗ ಮಡಕೆ ಅಲುಗದಂತೆ ಹಿಡಿಯುವ ಕವೆಗೋಲು. ತೆಂಗಿನ ಚಿಪ್ಪಿಗೆ ಹಿಡಿ ಸಿಕ್ಕಿಸಿದರೆ ಸೌಟು. ಒಗೆದ ಹಳೆಯ ಪಂಚೆ ಸಂಡಿಗೆಯ ಹಾಸು. ಹೀರೆಕಾಯಿಯ ಸಿಪ್ಪೆ ಚಟ್ನಿಯಾಯಿತು; ಹುಣಸೆಯ ಚಿಗುರು ಸಾರಿಗೆ ಹುಳಿಯಾಯಿತು; ರಾಗಿಹೊಲದ ಕಳೆಯಾದ ಅಣ್ಣೆಸೊಪ್ಪು ಮಧ್ಯಾಹ್ನದ ಮೇಲೋಗರವಾಯಿತು.

ಈ ಜಾಣ್ಮೆಗೆ ಅಡುಗೆಯ ಹೆಸರುಗಳೇ ಸಾಕ್ಷಿ. ಬೆಂದ ಸೊಪ್ಪು ಕಾಳುಗಳಿಂದ ಬಸಿದ ನೀರನ್ನು ಚೆಲ್ಲದೆ, ಅದಕ್ಕೆ ಖಾರ ಕೂಡಿಸಿ ಕುದಿಸಿದುದು ಬಸ್ಸಾರು. ಉಳಿದ ಸೊಪ್ಪು ಕಾಳು ಪಲ್ಯ. ಒಂದೇ ಮಡಕೆಯಿಂದ ಎರಡು ಪದಾರ್ಥ! ಬೇಳೆಯೊಡನೆ ಮಸೆದುದು ಮಸ್ಸೊಪ್ಪು. ನೆನೆದ ಅವರೆಕಾಳನ್ನು ಬೆರಳುಗಳ ನಡುವೆ ಹಿತುಕಿ ಸಿಪ್ಪೆ ಕಳೆದುದು ಹಿತಕಿದ ಬೇಳೆ. ಇಲ್ಲಿ ನಾಮಪದದೊಳಗೆ ಕ್ರಿಯಾಪದ ಅಡಗಿದೆ; ಹೆಸರನ್ನು ಬಿಡಿಸಿದವನಿಗೆ ಅಡುಗೆಯ ವಿಧಾನವೇ ದೊರೆಯುತ್ತದೆ.

ಸುಮಾರು 1025ರಲ್ಲಿ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಪಾಕಕ್ಕೂ ಎಡೆಗೊಟ್ಟನು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಕಾವ್ಯವನ್ನೇ ರಚಿಸಿದನು. ಅಡುಗೆ ಪಂಡಿತರ ಲೇಖನಿಗೆ ತಕ್ಕ ವಿಷಯವೆಂದು ಅವರು ಬಗೆದಿದ್ದರು. ಆದರೆ ಕವೆಗೋಲಿನ, ಬಸ್ಸಾರಿನ ವಿದ್ಯೆ ಬಹುಮಟ್ಟಿಗೆ ತಾಯಂದಿರ ಬಾಯಲ್ಲಿ, ಕೈಯಲ್ಲಿ ಉಳಿದು ಬಂದುದು.

ಅದಕ್ಕೀಗ ಕುತ್ತು ಒದಗಿದೆ. ರಾಗಿಯ ಹೊಲಗಳು ತರಕಾರಿ, ಹೂವು, ದ್ರಾಕ್ಷಿಗಳಿಗೆ ಎಡೆಮಾಡಿವೆ. ಕಳೆನಾಶಕ ಸಿಂಪಡಿಸಿದೆಡೆ ಅಣ್ಣೆಸೊಪ್ಪು ಉಳಿಯದು. ಸೊಪ್ಪು ಹೋದ ಬಳಿಕ ಹೆಸರೂ ಉಳಿಯದು. ಅದನ್ನು ಗುರುತಿಸಬಲ್ಲ ಮುದುಕಿಯರೂ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ.

ಇವೆಲ್ಲ ಬಡತನದ ಕೂಸುಗಳು, ಇವನ್ನು ಕೊಂಡಾಡುವುದೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಬಡತನ ಮರಳಿ ಬರಲೆಂದು ಯಾರೂ ಹಾರೈಸಬೇಕಿಲ್ಲ. ಆದರೆ ಬಡತನ ತೊಲಗುವಾಗ ಅದು ಸಾಣೆ ಹಿಡಿದ ಬುದ್ಧಿಯನ್ನೂ ಹೊರದೂಡುವುದು ವಿವೇಕವಲ್ಲ. ಎಸೆಯುವ ಮುನ್ನ ಮತ್ತೊಮ್ಮೆ ನೋಡುವ ಅಭ್ಯಾಸ ಸಿರಿವಂತನಿಗೂ ಭೂಷಣವೇ.

ಶಾಲೆಗಳು ಈ ಕಾರ್ಯವನ್ನು ಸುಲಭವಾಗಿ ಕೈಗೊಳ್ಳಬಹುದು. ಬೇಸಗೆಯ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಜ್ಜಿಯನ್ನು ಕೇಳಿ ಹತ್ತು ಮಾತುಗಳನ್ನು ಬರೆದು ತರಲಿ: ಸೊಪ್ಪಿನ ಹೆಸರು, ಸಾಧನದ ಹೆಸರು, ಅದರ ಬಳಕೆ. ಅಧ್ಯಾಪಕರು ಅವನ್ನು ನಿಘಂಟಿನೊಡನೆ ಹೋಲಿಸಿ ತಿದ್ದಲಿ. ಕಟ್ಟಡಗಳಿಗೆ ಉದಾರವಾಗಿ ನೀಡುವ ದಾನಿಗಳು ಆ ಪುಟ್ಟ ಕೋಶದ ಅಚ್ಚಿಗೂ ಕೈನೀಡಲಿ. ಹೇಳಬಲ್ಲ ಅಜ್ಜಿಯರು ಇರುವಾಗಲೇ ಈ ಕಾರ್ಯ ನಡೆಯಬೇಕು.