ರೀಕಂಡೀಷನ್ ಗರಗಸ: ಬಣ್ಣ ನೋಡಬೇಡಿ, ಸೈಲೆನ್ಸರ್ ಬಿಚ್ಚಿಸಿ

ಕಳೆದ ಆಷಾಢದ ಗಾಳಿಗೆ ನಮ್ಮ ನೆರೆಯವರ ಅಡಿಕೆ ತೋಟದ ಅಂಚಿನಲ್ಲಿದ್ದ ಹೆಬ್ಬಲಸಿನ ಮರ ಬುಡಸಮೇತ ಮಗುಚಿ ಬಿತ್ತು. ಬೀಳುವಾಗ ಫಸಲು ಕೊಡುತ್ತಿದ್ದ ಹದಿನಾಲ್ಕು ಅಡಿಕೆ ಮರಗಳನ್ನು ಮುರಿದುಕೊಂಡು, ಬಸಿಗಾಲುವೆಗೆ ಅಡ್ಡವಾಗಿ ಮಲಗಿತು. ಕಾಲುವೆಯ ನೀರು ಹಿಂದಕ್ಕೆ ಒತ್ತಿ ಅರ್ಧ ತೋಟದಲ್ಲಿ ನಿಂತಿತು. ನಮ್ಮ ಸುತ್ತಿನ ಮೂರು ಹಳ್ಳಿಗೆ ಮರ ಕೊಯ್ಯುವ ಮೆಷಿನ್ ಇಟ್ಟುಕೊಂಡವರು ಒಬ್ಬರೇ. ಆ ವಾರ ಎಲ್ಲರ ಮನೆಯಲ್ಲಿಯೂ ಮರ ಬಿದ್ದಿತ್ತು. ಅವರು ಬಂದದ್ದು ಒಂಬತ್ತನೆಯ ದಿನ.

ಹಾಗಾಗಿ ಈ ವರ್ಷ ಬೇಸಿಗೆಯಲ್ಲಿಯೇ ನೆರೆಯವರು ನನ್ನ ಜಗುಲಿಗೆ ಬಂದು, "ಪೇಟೆಯಲ್ಲಿ ಒಂಬತ್ತೂವರೆ ಸಾವಿರಕ್ಕೆ ರೀಕಂಡೀಷನ್ ಮೆಷಿನ್ ಇದೆಯಂತೆ ಗೌಡ್ರೇ, ಹೊಸದರ ಹಾಗೇ ಇದೆ. ತಗೊಳ್ಳೋದಾ, ಬೇಡ್ವಾ?" ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದಲ್ಲ. ಉದ್ದ ಗರಗಸ ಹಿಡಿದು ಇಬ್ಬರು ಎದುರುಬದುರು ಕುಳಿತು ದಿಮ್ಮಿ ಕೊಯ್ಯುತ್ತಿದ್ದ ಕಾಲ ಹೋಯಿತು. ಆ ಕೆಲಸ ಬಲ್ಲವರೂ ಹೋದರು, ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಆದುದರಿಂದ ಮೆಷಿನ್ ಬೇಕೆನ್ನುವವರನ್ನು ನಾನು ಗೇಲಿ ಮಾಡುವವನಲ್ಲ. ಆದರೆ ಅಗ್ಗದ ರೀಕಂಡೀಷನ್ ಗರಗಸದ ವಿಷಯದಲ್ಲಿ ನನ್ನ ಕೈಯ ಮೇಲೆ ಆರು ಹೊಲಿಗೆಯ ಗುರುತು ಇರುವುದರಿಂದ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

2016ರಲ್ಲಿ ನಾನು ಅಂಥದೊಂದು ಮೆಷಿನ್ ತಂದೆ. ಅಂಗಡಿಯ ಹೆಸರು ಇಲ್ಲಿ ಬೇಡ. ಬೆಲೆ ಏಳು ಸಾವಿರ. ಹೆಸರಾಂತ ಕಂಪನಿಯ ಬಣ್ಣ, ಹೊಸ ಸ್ಟಿಕ್ಕರ್, ಹೊಸ ಚೈನ್. ಅಂಗಡಿಯವರು ಒಂದೇ ಎಳೆತಕ್ಕೆ ಸ್ಟಾರ್ಟ್ ಮಾಡಿ ತೋರಿಸಿದರು. ಆಗ ಎಂಜಿನ್ ಮೊದಲೇ ಬಿಸಿಯಾಗಿತ್ತೆಂಬುದು ನನಗೆ ಹೊಳೆಯಲಿಲ್ಲ. ಮೂರು ದಿನ ಮೆಷಿನ್ ಚೆನ್ನಾಗಿ ಕೊಯ್ದಿತು. ನಾಲ್ಕನೆಯ ದಿನ ಬಿಸಿಯಾದ ಮೇಲೆ ಮತ್ತೆ ಸ್ಟಾರ್ಟ್ ಆಗಲು ಹಟ ಮಾಡಿತು. ಐದನೆಯ ದಿನ ಒಂದು ಸಿಲ್ವರ್ ಓಕ್ ದಿಮ್ಮಿಯ ನಡುವೆ ಇರುವಾಗ ಚೈನ್ ಬಾರ್‌ನಿಂದ ಕಳಚಿ ಹಿಂದಕ್ಕೆ ಬೀಸಿ ನನ್ನ ಬಲಗೈ ಬೆರಳುಗಳ ಮೇಲೆ ಬಿತ್ತು. ಕಳಚಿದ ಚೈನ್ ಕೈಗೆ ಬರದಂತೆ ಹಿಡಿದುಕೊಳ್ಳಲು ಮೆಷಿನ್ನಿನ ಕೆಳಗೆ, ಬಾರ್‌ನ ಬುಡದಲ್ಲಿ, ಒಂದು ಸಣ್ಣ ಕೊಂಡಿ ಇರುತ್ತದೆ. ನನ್ನದರಲ್ಲಿ ಅದು ಮುರಿದು ಹೋಗಿತ್ತು. ಹತ್ತಿಪ್ಪತ್ತು ರೂಪಾಯಿಯದೋ ನೂರು ರೂಪಾಯಿಯದೋ ಆ ತುಂಡನ್ನು ಹಾಕದೆ, ಹೊರಗೆ ಮಾತ್ರ ಬಣ್ಣ ಬಳಿದಿದ್ದರು.

ಕೈ ವಾಸಿಯಾದ ಮೇಲೆ ಮೆಷಿನ್ನನ್ನು ತಾಲ್ಲೂಕು ಪೇಟೆಯ ಮೆಕ್ಯಾನಿಕ್‌ರ ಬಳಿಗೆ ಒಯ್ದೆ. ಅವರು ಬಿಚ್ಚಿ ಪಿಸ್ಟನ್ ತೋರಿಸಿದರು. ಬೆಕ್ಕು ಪರಚಿದ ಹಾಗೆ ಮೇಲಿಂದ ಕೆಳಕ್ಕೆ ಗೀರುಗಳು. ಮೊದಲೊಮ್ಮೆ ಜಾಮ್ ಆಗಿದ್ದುದನ್ನು ಎಮರಿ ಕಾಗದದಲ್ಲಿ ಉಜ್ಜಿ, ಹೊಸ ರಿಂಗ್ ಹಾಕಿ ಕೂರಿಸಿದ್ದರು. "ಬೋರ್ ಹೊಡೆಸಿದರಾಗದೇ?" ಎಂದು ಕೇಳಿದೆ. ನಮಗೆ ಹಳೆಯ ಮೊಪೆಡ್ ನೋಡಿ ಅಭ್ಯಾಸ. ಮೊಪೆಡ್‌ನ ಬೀಡಿನ ಬೋರನ್ನು ಕೊರೆಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಬಹುದಿತ್ತು. ಈ ಗರಗಸದ ಸಿಲಿಂಡರ್ ಅಲ್ಯೂಮಿನಿಯಮ್ಮಿನದು, ಒಳಗೋಡೆಗೆ ಕ್ರೋಮ್ ಅಥವಾ ನಿಕಲ್ ಲೇಪ. ಲೇಪ ಎದ್ದರೆ ಕೊರೆಸುವಂತಿಲ್ಲ, ಪಿಸ್ಟನ್ ಸಿಲಿಂಡರ್ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು.

ಅವರು ಹೇಳಿದ ಇನ್ನೊಂದು ಮಾತು ಹೆಚ್ಚು ಮುಖ್ಯವಾದುದು. ಪಿಸ್ಟನ್ ಯಾಕೆ ಗೀರಿತು ಎಂದು ಹುಡುಕದೆ ಹೊಸ ಪಿಸ್ಟನ್ ಹಾಕಿದರೂ ಅದೇ ಗತಿ. ಇದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಒಳಗಿನ ಭಾಗಗಳಿಗೆ ಎಣ್ಣೆ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್ ಹಳತಾಗಿ ಗಾಳಿ ಎಳೆಯತೊಡಗಿದರೆ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಜೊತೆಗೆ ಎಣ್ಣೆಯ ಪಾಲೂ ಕಡಿಮೆಯಾಗುತ್ತದೆ, ಶಾಖ ಏರುತ್ತದೆ. ಆಗ ಎಂಜಿನ್ ಮೊದಲಿಗಿಂತ ಜೋರಾಗಿ ಓಡುವುದರಿಂದ ನಮಗೆ ಖುಷಿಯೇ ಆಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಜಾಮ್. ನನ್ನ ಮೆಷಿನ್ನಿನಲ್ಲಿ ಆದದ್ದು ಇದೇ. ರಿಪೇರಿಗೆ ಕೇಳಿದ ಹಣ ನಾನು ಕೊಟ್ಟ ಬೆಲೆಗೆ ಸಮನಾಗಿತ್ತು. ಅದು ಈಗ ನಮ್ಮ ಅಟ್ಟದಲ್ಲಿದೆ.

ಇಷ್ಟು ಹೇಳಿದ ಮೇಲೆ ಹಳೆಯ ಮೆಷಿನ್ ಬೇಡವೇ ಬೇಡ ಎಂದು ನಾನು ಬರೆಯುತ್ತೇನೆಂದು ಓದುಗರು ತಿಳಿದಿರಬಹುದು. ಹಾಗಿಲ್ಲ. ಹನ್ನೆರಡು ವರ್ಷ ದುಡಿದ ಒಳ್ಳೆಯ ಗರಗಸ, ಸರಿಯಾದವರ ಕೈಯಲ್ಲಿ ಸರಿಯಾಗಿ ಬಿಚ್ಚಿ ಜೋಡಿಸಿದ್ದಾದರೆ, ಬಿಡಿಭಾಗ ಸಿಗದ ಹೊಚ್ಚಹೊಸ ಅಗ್ಗದ ಮೆಷಿನ್ನಿಗಿಂತ ಲೇಸು ಎಂಬುದೇ ನನ್ನ ಅಭಿಪ್ರಾಯ. ಆದರೆ ಅದನ್ನು ಮಾರುವವರು ಒಂದು ಕೆಲಸಕ್ಕೆ ಒಪ್ಪಬೇಕು: ನಿಮ್ಮೆದುರಿಗೆ ಸೈಲೆನ್ಸರ್ ಬಿಚ್ಚಬೇಕು. ಎರಡು ಮೂರು ಬೋಲ್ಟ್, ಹತ್ತು ನಿಮಿಷದ ಕೆಲಸ. ಬಿಚ್ಚಿದರೆ ಹೊಗೆ ಹೋಗುವ ಕಿಂಡಿಯಿಂದ ಪಿಸ್ಟನ್ನಿನ ಮೈ ಕಾಣುತ್ತದೆ. ಹಗ್ಗವನ್ನು ಮೆಲ್ಲಗೆ ಎಳೆಯುತ್ತ ಟಾರ್ಚ್ ಬಿಟ್ಟು ನೋಡಿ. ಮೈ ನಯವಾಗಿ, ರಿಂಗ್ ಸಡಿಲವಾಗಿ ಚಿಮ್ಮುವಂತಿದ್ದರೆ ಮುಂದಿನ ಮಾತಾಡಬಹುದು. ಉದ್ದುದ್ದ ಗೀರು ಕಂಡರೆ, ಎಷ್ಟು ಕಡಿಮೆ ಬೆಲೆ ಹೇಳಿದರೂ ಎದ್ದು ಬನ್ನಿ. "ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ" ಎನ್ನುವ ಅಂಗಡಿಗಳಿವೆ. ಅವರೇ ಬಿಚ್ಚಿ ಜೋಡಿಸಿದ ಮೆಷಿನ್ನನ್ನು ಅವರೇ ಇನ್ನೊಮ್ಮೆ ಬಿಚ್ಚಿದರೆ ಹೋಗುವ ಗ್ಯಾರಂಟಿ ಎಂಥದು?

ಸ್ಟಾರ್ಟ್ ಮಾಡಿಸುವ ಮುಂಚೆ ಎಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಹೋಟೆಲಿಗೆ ಹೋಗಿ ಕಾಫಿ ಕುಡಿದು, ಸಂತೆ ಕೆಲಸ ಮುಗಿಸಿ, ತಣಿದ ಮೇಲೆ ಬನ್ನಿ. ಸ್ವಿಚ್ ಆಫ್ ಇರುವಾಗ ಹಗ್ಗದ ಹಿಡಿ ಹಿಡಿದು ಮೆಷಿನ್ನನ್ನು ತೂಗುಬಿಡಿ. ಒಳಗೆ ಒತ್ತಡ ಚೆನ್ನಾಗಿದ್ದರೆ ತಡೆತಡೆದು ಇಳಿಯುತ್ತದೆ, ಸೋತಿದ್ದರೆ ಬಾವಿಗೆ ಬಿಟ್ಟ ಕೊಡಪಾನದಂತೆ ಸರ್ರನೆ ಹೋಗುತ್ತದೆ. ಒತ್ತಡ ಅಳೆಯುವ ಗೇಜ್ ಮೆಕ್ಯಾನಿಕ್ ಬಳಿ ಇದ್ದರೆ ಇನ್ನೂ ಒಳ್ಳೆಯದು. ಒಳ್ಳೆಯ ಸ್ಥಿತಿಯ ಗರಗಸ 150 ಪೌಂಡಿನ ಆಚೀಚೆ ತೋರಿಸುತ್ತದೆ. ನೂರರ ಕೆಳಗಿದ್ದರೆ ಅದು ಮುದಿ. ಓಡುವಾಗ ಆಕ್ಸಿಲರೇಟರ್ ಬಿಟ್ಟರೆ ಚೈನ್ ನಿಲ್ಲಬೇಕು, ತೆವಳಬಾರದು. ಬಾರ್‌ನ ತುದಿಯನ್ನು ಒಣ ಅಡಿಕೆ ಹಾಳೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ವೇಗ ಕೊಟ್ಟರೆ ಹಾಳೆಯ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಚೈನಿಗೆ ಎಣ್ಣೆ ಹೋಗುತ್ತಿಲ್ಲ, ಹೊಸ ಚೈನೂ ವಾರದಲ್ಲಿ ಸುಟ್ಟು ನೀಲಿಯಾಗುತ್ತದೆ.

ಮುಂಗೈಯ ಎದುರಿನ ಬ್ರೇಕಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಬಾರ್‌ನ ತುದಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಇಡೀ ಮೆಷಿನ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಖದ ಕಡೆಗೆ ಎದ್ದು ಬರುತ್ತದೆ. ಪೂರ್ಣ ವೇಗದಲ್ಲಿ ಚೈನು ಸೆಕೆಂಡಿಗೆ ಇಪ್ಪತ್ತು ಮೀಟರಿನಷ್ಟು ಓಡುತ್ತಿರುತ್ತದೆ, ತಪ್ಪಿಸಿಕೊಳ್ಳುವ ಮಾತಿಲ್ಲ. ಆ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಚೈನ್ ಕಚ್ಚಿ ನಿಲ್ಲಬೇಕು. ರೀಕಂಡೀಷನ್ ಮೆಷಿನ್ನುಗಳಲ್ಲಿ ಹಿಡಿ ಇರುತ್ತದೆ, ಒಳಗಿನ ಪಟ್ಟಿಯೋ ಸ್ಪ್ರಿಂಗೋ ಇರುವುದಿಲ್ಲ. ಅಂಗಡಿಯಲ್ಲೇ ಓಡಿಸಿ ಪರೀಕ್ಷಿಸಿ.

ಚೈನಿನ ಬಗ್ಗೆ ಒಂದು ಸಂಗತಿ, ಕಾಫಿ ಬೆಳೆಗಾರರಿಗೆ ವಿಶೇಷವಾಗಿ. ಈಗಿನ ಚೈನಿನ ಹಲ್ಲಿನ ಆಕಾರ ಒಂದು ಕೊರಕ ಹುಳುವಿನಿಂದ ಬಂದದ್ದು. 1946ರಲ್ಲಿ ಅಮೆರಿಕದ ಆರೆಗಾನ್ ಪ್ರಾಂತ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವರು ಒಂದು ಬೊಡ್ಡೆಯೊಳಗೆ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ದವಡೆ ಆಡಿಸುತ್ತ, ಎಳೆಯ ಉದ್ದಕ್ಕೂ ಅಡ್ಡಕ್ಕೂ ಲೀಲಾಜಾಲವಾಗಿ ಮರ ತಿನ್ನುವುದನ್ನು ಕಂಡರು. ಅದೇ ರೀತಿ ಒಂದು ಎಡ, ಒಂದು ಬಲ ಎಂದು ಬಾಗಿದ ಹಲ್ಲುಗಳನ್ನು ಮಾಡಿ ಮರುವರ್ಷ ಮಾರಾಟಕ್ಕೆ ತಂದರು. ಅರೇಬಿಕಾ ಗಿಡ ಕಿತ್ತು ಕಿತ್ತು ಸುಟ್ಟು ಬಿಳಿ ಕಾಂಡಕೊರಕಕ್ಕೆ ಶಾಪ ಹಾಕುವ ನಾವು ಅಂಥದೇ ಜಾತಿಯ ಹುಳುವಿನ ದವಡೆಯನ್ನು ದುಡ್ಡು ಕೊಟ್ಟು ತರುತ್ತೇವೆ! ಹುಳುವಿನ ಹಲ್ಲು ತಾನಾಗಿ ಹರಿತವಾಗಿರುತ್ತದೋ ಏನೋ, ನಮ್ಮ ಚೈನಿನ ಹಲ್ಲಿಗೆ ದುಂಡು ಅರ ಬೇಕು. ಚೈನಿನ ಸೈಜಿಗೆ ತಕ್ಕ ಅರ, ಎರಡು ಬದಿಗೂ ಸಮನಾದ ಉಜ್ಜು. ಮೆಷಿನ್ ಹೊಟ್ಟಿನ ಬದಲು ಹುಡಿ ಉಗುಳತೊಡಗಿತೆಂದರೆ ಹಲ್ಲು ಮೊಂಡಾಗಿದೆ. ಮೊಂಡು ಚೈನನ್ನು ಒತ್ತಿ ಕೊಯ್ದು ಎಂಜಿನ್ ಕೊಂದವರೇ ಹೆಚ್ಚು. ಅರ ಹಿಡಿಯಲು ಕಲಿಯುವ ತಾಳ್ಮೆ ಇಲ್ಲದವರು ಹೊಸದನ್ನೂ ಕೊಳ್ಳಬಾರದು, ಹಳೆಯದನ್ನೂ ಕೊಳ್ಳಬಾರದು.

ಈಗ ಲೆಕ್ಕಕ್ಕೆ ಬರೋಣ. ಒಂದು ವರ್ಷದಲ್ಲಿ ನಿಮಗೆ ಗರಗಸ ಬೇಕಾಗುವುದು ಎಷ್ಟು ದಿನ ಎಂದು ಬರೆದಿಡಿ. ನಾನು ಬರೆದಿಟ್ಟೆ: ಬಿದ್ದ ಮರ, ಅಡಿಕೆ ಬೇಯಿಸುವ ಸೌದೆ, ಬೇಲಿಯ ಗೂಟ ಎಲ್ಲ ಸೇರಿ ಹನ್ನೊಂದು ದಿನ. ಕೆಲವರು ನೆರಳು ಕಸಿ ಮಾಡುವುದನ್ನೂ ಈ ಲೆಕ್ಕಕ್ಕೆ ಸೇರಿಸುತ್ತಾರೆ. ಎರಡು ಕೈಯಲ್ಲಿ ಹಿಡಿಯಬೇಕಾದ ಮೆಷಿನ್ನನ್ನು ಏಣಿಯ ಮೇಲೆ ಒಂದು ಕೈಯಲ್ಲಿ ಹಿಡಿಯುವುದು ಸಾವನ್ನು ಕರೆದಂತೆ, ಅದಕ್ಕೆ ಕತ್ತಿಯೇ ಸರಿ. ಕಳೆದ ಸಲ ನಾನು ಮೆಷಿನ್ ಸಮೇತ ಬಂದವರಿಗೆ ದಿನಕ್ಕೆ ಎರಡು ಸಾವಿರ ಕೊಟ್ಟೆ. ಹನ್ನೊಂದು ದಿನಕ್ಕೆ ಇಪ್ಪತ್ತೆರಡು ಸಾವಿರ. ಇದನ್ನು ನೋಡಿದರೆ ಒಂಬತ್ತೂವರೆ ಸಾವಿರ ಪುಕ್ಕಟೆ ಎನ್ನಿಸುತ್ತದೆ. ಆದರೆ ಬಂದವರ ಎರಡು ಸಾವಿರದಲ್ಲಿ ಅವರ ಕೂಲಿ, ಪೆಟ್ರೋಲ್, ಚೈನ್ ಸವೆತ, ಅನುಭವ ಎಲ್ಲ ಇತ್ತು. ನಮ್ಮ ಒಂಬತ್ತೂವರೆಗೆ ಇನ್ನೊಂದು ಚೈನ್, ಅರ, ಎಣ್ಣೆ, ಮುಖಕ್ಕೆ ಜಾಲರಿಯಿರುವ ಹೆಲ್ಮೆಟ್, ಕಿವಿ ಮುಚ್ಚುವ ಸಾಧನ, ಗಟ್ಟಿ ಬೂಟು, ಕಾಲಿಗೆ ಕಟ್ಟುವ ರಕ್ಷಾಕವಚ ಸೇರಬೇಕು. ಪಂಚೆ ಎತ್ತಿಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಮರ ಕೊಯ್ಯುವವರನ್ನು ನಾನು ದಿನವೂ ನೋಡುತ್ತೇನೆ. ನಾನೂ ಹಾಗೆಯೇ ಕೊಯ್ದವನು. ಇವನ್ನೆಲ್ಲ ಕೂಡಿಸಿದರೆ ಅಗ್ಗದ ಮೆಷಿನ್ ಹದಿನೈದು ಸಾವಿರ ದಾಟುತ್ತದೆ.

ವರ್ಷಕ್ಕೆ ಹನ್ನೊಂದು ದಿನ ಓಡುವ ಮೆಷಿನ್ ಮುನ್ನೂರೈವತ್ತನಾಲ್ಕು ದಿನ ಸುಮ್ಮನೆ ಕೂರುತ್ತದೆ, ಕೂತೇ ಕೆಡುತ್ತದೆ. 2025ರಿಂದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದ ತೇವ ಗೊತ್ತೇ ಇದೆ. ಹಳೆಯ ಮೆಷಿನ್ನಿನ ಪೆಟ್ರೋಲ್ ಪೈಪು, ಕಾರ್ಬೊರೇಟರಿನ ತೆಳು ಪೊರೆ ಇದಕ್ಕೆ ತಡೆಯುವುದಿಲ್ಲ. ಪೈಪು ಬಿರಿಯುತ್ತದೆ, ಪೊರೆ ಗಟ್ಟಿಯಾಗುತ್ತದೆ. ಕೆಲಸ ಮುಗಿದ ದಿನವೇ ಟ್ಯಾಂಕ್ ಬರಿದು ಮಾಡಿ, ಉಳಿದದ್ದು ಮುಗಿಯುವವರೆಗೆ ಓಡಿಸಿ ಇಡಬೇಕು. ಆಯಿಲ್ಲನ್ನು ಅಂದಾಜಿಗೆ ಸುರಿಯಬಾರದು. ಐವತ್ತಕ್ಕೆ ಒಂದು ಎಂದು ಬರೆದಿರುವ ಮೆಷಿನ್ನಿಗೆ ಲೀಟರಿಗೆ 20 ಮಿಲಿ ಲೀಟರ್, ಇಪ್ಪತ್ತೈದಕ್ಕೆ ಒಂದು ಎಂದಿದ್ದರೆ 40. ರೀಕಂಡೀಷನ್ ಮೆಷಿನ್ನಿನ ಜೊತೆ ಪುಸ್ತಕ ಬರುವುದಿಲ್ಲವಾದ್ದರಿಂದ ಇದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಯಾವ ಯಾವ ಭಾಗ ಬದಲಿಸಿದ್ದಾರೆಂಬುದನ್ನೂ ಬರೆಸಿಕೊಳ್ಳಿ. ಬರೆಯಲು ಅಂಜುವವರು ಬದಲಿಸಿರುವುದಿಲ್ಲ.

ಮೂರು ನಾಲ್ಕು ಮನೆಯವರು ಕೂಡಿ ಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಔಷಧಿ ಹೊಡೆಯುವ ಪಂಪಿನ ವಿಷಯದಲ್ಲಿ ನಾನು ಹೂಂ ಎನ್ನುತ್ತೇನೆ, ಗರಗಸದ ವಿಷಯದಲ್ಲಿ ಇಲ್ಲ. ಒಬ್ಬರು ಕಲ್ಲಿಗೆ ತಾಗಿಸಿ ಕೊಡುತ್ತಾರೆ, ಇನ್ನೊಬ್ಬರು ಆಯಿಲ್ ಹಾಕದೆ ಓಡಿಸುತ್ತಾರೆ, ಮೂರನೆಯವರ ಮನೆಯಲ್ಲಿ ಅದು ಜಾಮ್ ಆಗುತ್ತದೆ, ನಾಲ್ಕನೆಯವರು ಮಾತು ಬಿಡುತ್ತಾರೆ. ಅದಕ್ಕಿಂತ ಊರಿನಲ್ಲಿ ಕೆಲಸ ಬಲ್ಲ ಒಬ್ಬ ಹುಡುಗನಿಗೆ ಹತ್ತು ಮನೆಯವರು ಮುಂಗಡ ಕೊಟ್ಟು, ಒಳ್ಳೆಯ ಮೆಷಿನ್ ಅವನ ಹೆಸರಿನಲ್ಲೇ ಇರಲು ಬಿಟ್ಟರೆ, ಮಳೆಗಾಲದಲ್ಲಿ ಒಂಬತ್ತು ದಿನ ಕಾಯುವುದು ತಪ್ಪೀತು. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರ ಹತ್ತಿರವಿರುವವರು ಅಲ್ಲಿ ಗರಗಸ ಇಡುವಂತೆ ಒತ್ತಾಯಿಸಬಹುದು. ಮೆಷಿನ್ ಯಾರದ್ದೇ ಇರಲಿ, ಸಿಲ್ವರ್ ಓಕ್, ನೀಲಗಿರಿ, ಗಾಳಿಮರದಂಥ ವಿನಾಯಿತಿ ಇರುವ ಮರಗಳನ್ನು ಬಿಟ್ಟು ಬೇರೆ ಮರ ಕಡಿಯುವ ಮೊದಲು 1976ರ ಮರ ಸಂರಕ್ಷಣಾ ಕಾಯಿದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದು ನೆನಪಿರಲಿ. ಸದ್ದು ಎರಡು ಮೈಲಿ ಕೇಳುತ್ತದೆ.

ನೆರೆಯವರೂ ನಾನೂ ಮಂಗಳವಾರದ ಸಂತೆಗೆ ಹೋಗಿ ಆ ಒಂಬತ್ತೂವರೆ ಸಾವಿರದ ಮೆಷಿನ್ ನೋಡಿದೆವು. ಬ್ರೇಕ್ ಕಚ್ಚಿತು, ಎಣ್ಣೆಯೂ ಬಿತ್ತು. ಸೈಲೆನ್ಸರ್ ಬಿಚ್ಚಿ ಎಂದೆವು; ಅಂಗಡಿಯವರು ಬೆಲೆಯನ್ನು ಎಂಟು ಸಾವಿರಕ್ಕೆ ಇಳಿಸಿದರೇ ಹೊರತು ಸೈಲೆನ್ಸರ್ ಬಿಚ್ಚಲಿಲ್ಲ. ನಾವು ಹೊರಟು ಬಂದೆವು. ನನ್ನ ಹಳೆಯ ಮೆಷಿನ್ ಬಿಚ್ಚಿದ ಮೆಕ್ಯಾನಿಕ್‌ರ ಬಳಿ ಎಸ್ಟೇಟಿನವರೊಬ್ಬರು ಬಿಟ್ಟುಹೋದ ಹಳೆಯ ಗರಗಸವಿದೆ, ಬಣ್ಣ ಪೂರ್ತಿ ಹೋಗಿದೆ, ಹದಿಮೂರು ಸಾವಿರ ಹೇಳುತ್ತಾರೆ. ಕೇಳುವ ಮೊದಲೇ ಸ್ಪ್ಯಾನರ್ ತೆಗೆದುಕೊಂಡರು. ಪಿಸ್ಟನ್ ನಯವಾಗಿತ್ತು. ಆಯಿಲ್ ಸೀಲ್ ಹೊಸದು ಹಾಕಿ ಕೊಡುವುದಾಗಿ ಒಪ್ಪಿದ್ದಾರೆ. ನೆರೆಯವರು ಅರ ಹಿಡಿಯುವುದನ್ನು ಕಲಿಯಲು ಎರಡು ಭಾನುವಾರದಿಂದ ನಮ್ಮ ಮನೆಗೆ ಬರುತ್ತಿದ್ದಾರೆ.